ಅತ್ತೆಯ ಅರಬ್ಬಿ ಮಗ್ಗಿ

ನನ್ನ ಅತ್ತೆ ಅಕ್ಕಯಮ್ಮ ಐವತ್ನಾಲ್ಕನೇ ವಯಸ್ಸಿನಲ್ಲಿ ಅರಬ್ಬಿ ಕ್ಲಾಸಿಗೆ ಸೇರಿದರು. ಅವರ ಹಿಂದೆ ಬಾಲದ ಹಾಗೆ ನಾನೂ ಸೇರಬೇಕಾಯಿತು. ಅವರಿಗೆ ಓದು ಬರಹ ಬರುವುದಿಲ್ಲ, ನಾನು ಹೊಸೂರಿನಲ್ಲಿ ಬಿ.ಕಾಂ. ಮಾಡಿದವಳು. ಮದುವೆಯಾಗಿ ಬಂದ ಐದು ವರ್ಷದಲ್ಲಿ ಈ ಮನೆಯಲ್ಲಿ ನನ್ನ ಬಿ.ಕಾಂ.ಗೆ ಸಿಕ್ಕಿದ ಮೊದಲ ಮರ್ಯಾದೆ ಇದು: "ಮಂಗ್ಳಾ, ಒಂದು ನೋಟ್‌ಬುಕ್ ಇಟ್ಕೊಂಡು ನನ್ ಜತೆ ಬಾ."

ಅತ್ತೆಗೆ ಅರಬ್ಬಿ ಹೊಸದೇನಲ್ಲ. ಹನ್ನೊಂದು ವರ್ಷ ಮಸ್ಕತ್ತಿನ ಒಂದು ಮನೆಯಲ್ಲಿ ಅಡುಗೆ ಮಾಡಿಕೊಂಡು, ಆ ಮನೆಯ ಮಗು ಶಮ್ಸಾಳನ್ನು ಸಾಕಿ ಬಂದವರು. ಆದರೆ ಅವರಿಗೆ ಬರುತ್ತಿದ್ದದ್ದೆಲ್ಲ ಹೇಳಿಸಿಕೊಂಡ ಅರಬ್ಬಿ. ತಆಲಿ ಅಂದರೆ ಬಾ, ರೂಹಿ ಅಂದರೆ ಹೋಗು, ಹಾತಿ ಅಂದರೆ ತಗೊಂಡು ಬಾ. ಅದೇ ಧಾಟಿಯಲ್ಲಿ ಅವರು ಮಗುವಿಗೆ ಹೇಳುತ್ತಿದ್ದರು: ಕುಲಿ ಅಂದರೆ ತಿನ್ನು, ನಾಮಿ ಅಂದರೆ ಮಲಗು. ಇಷ್ಟೇ ಮಾತಿನಲ್ಲಿ ಒಂದು ಮಗುವನ್ನು ಹತ್ತು ವರ್ಷದವರೆಗೆ ಬೆಳೆಸಿಬಿಟ್ಟರು. ಬೇಯಿಸಿದೆ, ಕಾದೆ, ಬೇಜಾರಾಯಿತು ಅಂತ ತಮ್ಮ ಬಗ್ಗೆ ಹೇಳಿಕೊಳ್ಳುವ ಒಂದು ಮಾತೂ ಅವರಿಗೆ ಬರುತ್ತಿರಲಿಲ್ಲ. ಅಲ್ಲಿ ಯಾರೂ ಕೇಳಿರಲಿಲ್ಲ.

ಈಗ ಅಂಥ ಮಾತು ಬೇಕಾಯಿತು. ಅದಕ್ಕೆ ಕಾರಣ ಮುನೀಶ. ಅವನು ರಾಯಕೋಟೆಯವನು, ಮಸ್ಕತ್ತಿನ ಅದೇ ಮನೆಯಲ್ಲಿ ಇವತ್ತಿಗೂ ಡ್ರೈವರ್. ರಜಕ್ಕೆ ಬಂದವನು ಒಂದು ಡಬ್ಬ ಖರ್ಜೂರ ಹಿಡಿದುಕೊಂಡು ನಮ್ಮ ಹಳ್ಳಿಗೆ ಬಂದ.

"ಅಕ್ಕಾ, ಶಮ್ಸಾಗೆ ಈಗ ಇಪ್ಪತ್ತೊಂದು. ಕಾಲೇಜಿಗೆ ಹೋಗ್ತಾಳೆ. ನಾನು ಊರಿಗೆ ಹೊರಟಾಗೆಲ್ಲಾ ಒಂದೇ ಕೇಳ್ತಾಳೆ. ಅಕ್ಕ ಯಾಕೆ ಹೇಳ್ದಂಗೆ ಹೋಗ್ಬುಟ್ಟಳು, ನಾನೇನು ತಪ್ಪು ಮಾಡ್ದೆ ಅಂತ."

ಅತ್ತೆ ಡಬ್ಬ ಹಿಡಿದುಕೊಂಡು ಹಾಗೇ ನಿಂತರು.

ಹನ್ನೊಂದು ವರ್ಷದ ಹಿಂದೆ ನಡೆದದ್ದು ಇಷ್ಟು. ಮಾವನವರಿಗೆ ಲಕ್ವ ಹೊಡೆದಿದೆ ಅಂತ ಫೋನ್ ಹೋಗಿ, ಅವತ್ತು ಸಂಜೆಯ ವಿಮಾನಕ್ಕೇ ಟಿಕೆಟ್ ಆಯಿತು. ಶಮ್ಸಾ ಊಟ ಮಾಡಿ ಮಲಗಿದ್ದಳು. ಅತ್ತೆ ತಮ್ಮ ಹಳೇ ಸೀರೆಯೊಂದನ್ನು ಅವಳ ಪಕ್ಕದಲ್ಲಿಟ್ಟು ಅಡುಗೆಮನೆ ಬಾಗಿಲಿಂದ ಹೊರಟುಬಿಟ್ಟರು. ನಮ್ಮ ಕಡೆ ಹಾಗೇ. ದೂರ ಹೋಗುವ ತಾಯಿ ಮಗುವಿಗೆ ಹೇಳಿ ಹೊರಡುವುದಿಲ್ಲ. ಹೇಳಿದರೆ ಮಗು ಅಳುತ್ತದೆ, ಮಗು ಅತ್ತರೆ ಹೊರಟವಳಿಗೆ ಕಾಲು ಬರುವುದಿಲ್ಲ. ಅದಕ್ಕೇ ಮಗು ಮಲಗಿದ್ದಾಗಲೋ ಆಟಕ್ಕೆ ಹೋದಾಗಲೋ, ಉಟ್ಟುಬಿಟ್ಟ ಸೀರೆಯನ್ನು ಚಾಪೆಯ ಮೇಲೆ ಹಾಕಿ ಹಿತ್ತಲ ಬಾಗಿಲಿಂದ ನಡೆಯುವುದು. ಮಗು ಸೀರೆಯ ವಾಸನೆಗೆ ಸಮಾಧಾನ ಮಾಡಿಕೊಳ್ಳುತ್ತದೆ. ನನ್ನ ತವರು ಜವಳಗಿರಿಯಲ್ಲಿ ಅಮ್ಮ ಹೆರಿಗೆಗೆ ಹೋಗುವಾಗ ನನಗೂ ಹೀಗೇ ಮಾಡಿದ್ದಳು. ಇದರಲ್ಲಿ ತಪ್ಪೇನಾದರೂ ಇದ್ದೀತು ಅಂತ ನಮ್ಮಲ್ಲಿ ಯಾರಿಗೂ ಹೊಳೆದೇ ಇಲ್ಲ.

"ಮಂಚದ ಕೆಳಗೆಲ್ಲಾ ಹುಡುಕಿದ್ಲಕ್ಕಾ," ಅಂದ ಮುನೀಶ. "ನಾನೇ ಕಣ್ಣಾರೆ ನೋಡ್ದೆ. ಈಗ್ಲೇ ಫೋನ್ ಹಾಕ್ತೀನಿ, ಮಾತಾಡು."

"ಬೇಡ. ಬಾ, ಹೋಗು, ತಿನ್ನು ಇಟ್ಕೊಂಡು ಏನಂತ ಮಾತಾಡ್ಲಿ?"

"ಆ ಹುಡುಗಿಗೆ ಇಂಗ್ಲಿಷ್ ಬರುತ್ತೆ ಅತ್ತೆ, ನಾನು ಹೇಳ್ತೀನಿ," ಅಂದೆ ನಾನು, ಬಿ.ಕಾಂ.

"ತಪ್ಪು ನಂದು, ಬಾಯಿ ನಿಂದಾ?" ಅಂದರು ಅತ್ತೆ.

ಮುನೀಶ ಇನ್ನು ಆರು ವಾರಕ್ಕೆ ವಾಪಸ್ಸು ಹೋಗುವವನಿದ್ದ. ಹೋದ ಮೊದಲ ಶುಕ್ರವಾರ ಸಂಜೆ ನಾಲ್ಕಕ್ಕೆ ಶಮ್ಸಾಳನ್ನು ಫೋನಿಗೆ ತರುತ್ತೇನೆ ಅಂತ ಒಪ್ಪಿಕೊಂಡ. ಅಷ್ಟರೊಳಗೆ ಅತ್ತೆ ತಮ್ಮ ಬಾಯಲ್ಲಿ, ಅವಳ ಭಾಷೆಯಲ್ಲಿ ಹೇಳುವುದನ್ನು ಕಲಿಯಬೇಕು. ನೀನೇನೂ ತಪ್ಪು ಮಾಡಲಿಲ್ಲ, ನಾನೇ ಹೇಳದೆ ಹೋದೆ, ದಾರಿಯುದ್ದಕ್ಕೂ ಅತ್ತಿದ್ದೆ, ನಿನ್ನನ್ನು ಮರೆಯಲಿಲ್ಲ. ನಾಲ್ಕೇ ಮಾತು. ಆರು ವಾರ ಬೇಕಾದಷ್ಟಾಯಿತು ಅಂದುಕೊಂಡೆ. ಅರಬ್ಬಿ ಕ್ರಿಯಾಪದಗಳ ಸಹವಾಸ ನನಗಿನ್ನೂ ಆಗಿರಲಿಲ್ಲ.

ಡೆಂಕಣಿಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇದೆ. ಅದರ ಮಾಳಿಗೆಯ ಮೇಲೆ ಜುಲೇಖಾ ಟೀಚರ್ ವಾರಕ್ಕೆ ಮೂರು ಮಧ್ಯಾಹ್ನ ಅರಬ್ಬಿ ಹೇಳಿಕೊಡುತ್ತಾರೆ. ವಯಸ್ಸು ಅರವತ್ತು ದಾಟಿದೆ, ಕನ್ನಡಕದ ಮೇಲಿಂದ ನೋಡುತ್ತಾರೆ, ಕನ್ನಡ, ತಮಿಳು, ಉರ್ದು ಮೂರರಲ್ಲೂ ಬೈಯುತ್ತಾರೆ. ಉಳಿದ ವಿದ್ಯಾರ್ಥಿಗಳೆಲ್ಲ ಗಲ್ಫಿಗೆ ಹೊರಟ ನರ್ಸುಗಳು. ಕೆಳಗೆ ಟಕಟಕ ಟೈಪಿಂಗ್, ಮೇಲೆ ಇವರ ಪಾಠ.

ಮೊದಲ ದಿನ ಟೀಚರ್ ಹೇಳಿದರು: "ಈ ಭಾಷೆಗೆ ಮೂರು ಅಕ್ಷರ ಬೇರು. ಕ, ತ, ಬ ಅಂದ್ರೆ ಬರೆಯೋದು. ಕತಬ, ಬರೆದ. ಕಾತಿಬ್, ಬರೆಯೋನು. ಕಿತಾಬ್, ಪುಸ್ತಕ. ಮಕ್ತಬ್, ಕೂತು ಬರೆಯೋ ಜಾಗ."

"ಬರೆಯೋದು ನಂಗ್ಯಾಕೆ ಟೀಚರಮ್ಮ? ಬೇಯ್ಸೋದು ಹೇಳ್ಕೊಡಿ," ಅಂದರು ಅತ್ತೆ.

ನರ್ಸುಗಳು ನಕ್ಕರು. ಟೀಚರ್ ನಗಲಿಲ್ಲ. "ತ, ಬ, ಖ. ತಬಖ, ಬೇಯಿಸಿದ. ಈಗ ಬೇಯಿಸೋ ಜಾಗಕ್ಕೆ ಏನಂತೀರಿ? ಮಕ್ತಬ್ ಥರಾನೇ ಮಾಡಿ."

"ಮತ್ಬಖ್!" ಅತ್ತೆ ಬೆಂಚಿನಿಂದ ಎದ್ದೇ ನಿಂತರು. "ಅಡುಗೆಮನೆ! ಹನ್ನೊಂದು ವರ್ಷ ಅದ್ರಲ್ಲೇ ಮಲಗಿದ್ದೆ ಕಣಮ್ಮಾ! ಬೇಯ್ಸೋದು ಆ ಮಾತಿನೊಳಗೇ ಕೂತಿತ್ತಾ?"

ಬಸ್ಸಿನಲ್ಲಿ ಬರುವಾಗ ಅತ್ತೆ ನನಗೆ ಪಾಠ ಮಾಡಿದರು. "ಚಕ್ಕುಲಿ ಒರಳು ಇದ್ದಂಗೆ ಕಣೇ. ಹಿಟ್ಟು ಅದೇ. ಬಿಲ್ಲೆ ಬದಲಾಯ್ಸಿದ್ರೆ ಒಂದ್ಸಲ ಚಕ್ಕುಲಿ, ಒಂದ್ಸಲ ಓಂಪುಡಿ." ನನಗೆ ಅದು ಪೂರ್ತಿ ತಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನಲ್ಲಿ. ಓದು ಬಾರದವರು ಬಿ.ಕಾಂ.ಗಿಂತ ಮುಂದೆ ಓಡುತ್ತಿದ್ದರೆ ಯಾರಿಗೆ ಖುಷಿಯಾಗುತ್ತದೆ? ನನಗಂತೂ ಹೊಟ್ಟೆ ಉರಿಯಿತು.

ಆಮೇಲೆ ರೂಪಗಳು ಬಂದವು. ಒಂದು ಕ್ರಿಯಾಪದಕ್ಕೆ ಹದಿನಾಲ್ಕು. ಮೊದಲು ಅವನು, ಆಮೇಲೆ ಅವರಿಬ್ಬರು, ಆಮೇಲೆ ಅವರು. ಹೆಂಗಸರಿಗೆ ಬೇರೆ ಮೂರು. ಎದುರಿಗಿರುವ ಗಂಡಸರಿಗೆ ಮೂರು, ಹೆಂಗಸರಿಗೆ ಮೂರು. ಊರವರೆಲ್ಲ ಮುಗಿದ ಮೇಲೆ ಹದಿಮೂರನೆಯದು ನಾನು, ಹದಿನಾಲ್ಕನೆಯದು ನಾವು.

"ನಮ್ಮನೆ ಸೊಸೆ ಥರ. ಎಲ್ಲರದೂ ಆದ್ಮೇಲೆ ಇವಳ ಊಟ," ಅಂದೆ.

"ನಾಳೆಯಿಂದ ಮೊದ್ಲೇ ಉಣ್ಣು. ಯಾರ್ ಬೇಡ ಅಂದ್ರು?" ಅಂದರು ಅತ್ತೆ. ಮಾರನೇ ದಿನ ನಿಜವಾಗಿಯೂ ನನ್ನ ತಟ್ಟೆಗೇ ಮೊದಲು ಮುದ್ದೆ ಹಾಕಿದರು. ನನಗೆ ನಾಚಿಕೆಯಾಯಿತು.

ಓದಲು ಬಾರದ ಅತ್ತೆ ಹದಿನಾಲ್ಕನ್ನೂ ಬಾಯಿಪಾಠ ಮಾಡಿದ್ದು ಮಗ್ಗಿ ಹೇಳುವ ಹಾಗೆ, ರಾಗವಾಗಿ. ನಾನು ನೋಟ್‌ಬುಕ್ ನೋಡಿ ಕನ್ನಡದಲ್ಲಿ ಬರೆದುಕೊಂಡದ್ದನ್ನು ಓದುವುದು, ಅವರು ಹಸು ಕರೆಯುತ್ತಾ, ರಾಗಿಹೊಲದಲ್ಲಿ ಕಳೆ ಕೀಳುತ್ತಾ ಹೇಳುವುದು. ತಬಖ, ತಬಖಾ, ತಬಖೂ. ಪಕ್ಕದ ಹೊಲದ ಮುನಿಯಲ್ಲಪ್ಪ ಬೇಲಿಯಾಚೆಯಿಂದ ಕೇಳಿದ: "ಆನೆ ಓಡ್ಸೋ ಮಂತ್ರ ಏನಕ್ಕಾ? ನಂಗೂ ಸ್ವಲ್ಪ ಹೇಳ್ಕೊಡು, ಟೊಮೇಟೊ ಉಳ್ಕೊಳ್ಳಲಿ."

ತೊಂದರೆ ಎಲ್ಲಿ ಬಂತೆಂದರೆ, ಮಗ್ಗಿ ಕಲಿತವರಿಗೆ ನಡುವಿನಿಂದ ಶುರುಮಾಡಲು ಬರುವುದಿಲ್ಲ. ಏಳೆಂಟಲ ಎಷ್ಟು ಅಂದರೆ ಏಳೊಂದಲ ಏಳರಿಂದ ಹತ್ತಬೇಕು. ಟೀಚರ್, "ನಾನು ಬೇಯಿಸಿದೆ, ಹೇಳಿ" ಅಂದರೆ ಅತ್ತೆ ಕಣ್ಣು ಮುಚ್ಚಿ ಅವನಿಂದ ಹೊರಟು, ಹನ್ನೆರಡು ಜನರನ್ನು ದಾಟಿಕೊಂಡು, ಕೊನೆಗೆ ತಬಖ್ತುವಿಗೆ ಬಂದು ಉಸಿರು ಬಿಡುತ್ತಿದ್ದರು. ಟೀಚರ್ ಹಣೆ ಚಚ್ಚಿಕೊಳ್ಳುತ್ತಿದ್ದರು. "ಅಷ್ಟರಲ್ಲಿ ಎದುರಿಗಿರೋರು ಫೋನ್ ಇಟ್ಟು ಮಲಗಿರ್ತಾರೆ ಅಕ್ಕಯಮ್ಮ!"

ಮನೆಯಲ್ಲಿ ಈ ಮಗ್ಗಿಯನ್ನು ಕಂಡರಾಗದ ಒಬ್ಬರೇ ಒಬ್ಬರೆಂದರೆ ನನ್ನ ಗಂಡ ಸುಬ್ರಮಣಿ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಮಾತು ಕಮ್ಮಿ. ಅತ್ತೆ ತಬಖ ಅನ್ನುತ್ತಿದ್ದಂತೆ ಟಿ.ವಿ. ಸದ್ದು ಜೋರು ಮಾಡುವುದು, ಶಿಫ್ಟಿಗೆ ಒಂದು ಗಂಟೆ ಮೊದಲೇ ಬೈಕ್ ತೆಗೆಯುವುದು. "ಯಾವಳೋ ಹುಡುಗಿಗೆ ಇಷ್ಟೆಲ್ಲಾ ಬೇಕಾ?" ಅಂದರು ಒಂದು ದಿನ. ಬಸ್ ಚಾರ್ಜಿಗೆ ಹೀಗೆ ಗೊಣಗುತ್ತಾರೇನೋ ಅಂದುಕೊಂಡು ನಾನೂ ಸರಿಯಾಗಿ ಜಗಳ ತೆಗೆದೆ.

ನಾಲ್ಕನೇ ವಾರ ಅತ್ತೆ ಕ್ಲಾಸಿನಲ್ಲಿ ಕೈ ಎತ್ತಿದರು. "ಟೀಚರಮ್ಮ, ಅಳೋದು ಯಾವಾಗ ಬರುತ್ತೆ?"

"ಅದು ರೋಗದ ಕ್ರಿಯಾಪದ. ಬೇರಿನ ಕೊನೇ ಅಕ್ಷರಕ್ಕೆ ಶಕ್ತಿ ಇಲ್ಲ, ಅಲ್ಲಲ್ಲಿ ಉದುರಿಹೋಗುತ್ತೆ. ಹದಿನೆಂಟನೇ ಪಾಠ. ನಾವಿನ್ನೂ ಏಳರಲ್ಲಿದ್ದೀವಿ."

"ಮರೆಯೋದು?"

"ಅದೂ ರೋಗದ್ದೇ."

"ಸರಿಯಾಗೇ ಹೆಸ್ರಿಟ್ಟವ್ರೆ. ಅದ್ನೇ ಈಗ ಹೇಳ್ಕೊಡಿ. ನಂಗಿರೋದು ಇನ್ನು ಎರಡು ವಾರ."

ಟೀಚರ್ ಪುಸ್ತಕ ಮುಚ್ಚಿದರು. ಮೂವತ್ತು ವರ್ಷದಲ್ಲಿ ಒಂದು ಪಾಠವನ್ನೂ ತಾನು ಹಾರಿಸಿಲ್ಲ, ಆರೋಗ್ಯವಾಗಿರುವುದನ್ನು ಕಲಿಯದೆ ರೋಗದ್ದಕ್ಕೆ ಕೈಹಾಕಿದರೆ ಎರಡೂ ಕೆಡುತ್ತವೆ ಅಂದರು. ಅತ್ತೆ, "ಅಳೋದಕ್ಕೂ ಸರದಿ ನಿಲ್ಬೇಕಾ?" ಅಂತ ಚಪ್ಪಲಿ ಮೆಟ್ಟಿಕೊಂಡು ಇಳಿದೇಹೋದರು.

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯನ್ನು ಬೈಯುವ ಹಕ್ಕು ನನ್ನದು, ಹೊರಗಿನವರದಲ್ಲ. ನರ್ಸುಗಳ ಎದುರಿಗೇ ಟೀಚರಿಗೆ ಎಲ್ಲವನ್ನೂ ಹೇಳಿದೆ. ಸೀರೆ, ಅಡುಗೆಮನೆ ಬಾಗಿಲು, ಮಂಚದ ಕೆಳಗೆ ಹುಡುಕಿದ ಮಗು, ಶುಕ್ರವಾರದ ಫೋನು. "ಗಲ್ಫಿನಲ್ಲಿ ಕೆಲಸಕ್ಕೆ ಅಂತಲ್ಲ ಟೀಚರ್, ಒಂದು ತಪ್ಪು ಒಪ್ಪಿಕೊಳ್ಳೋಕೆ ಅಂತ ಅವರು ಕಲೀತಿರೋದು," ಅಂದೆ. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ಜುಲೇಖಾ ಟೀಚರ್ ನಮ್ಮ ಹಳ್ಳಿಯಲ್ಲಿ ಇಳಿದರು. ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, "ಹದಿನೆಂಟನೇ ಪಾಠ. ನರ್ಸುಗಳಿಗೆ ಹೇಳ್ಬೇಡಿ," ಅಂದರು. ಅವತ್ತಿಂದ ಅವರು ಐದು ಸಲ ಬಂದರು. ಬಕಾ, ಬಕಯಾ, ಬಕವ್. ಇಬ್ಬರು ಹೆಂಗಸರು ಜಗಲಿಯಲ್ಲಿ ತಾಳ ಹಾಕಿಕೊಂಡು ಅಳುವುದನ್ನು ಹದಿನಾಲ್ಕು ಬಗೆಯಲ್ಲಿ ಹೇಳುತ್ತಾ, ತಪ್ಪಿದಾಗಲೆಲ್ಲ ಬಿದ್ದುಬಿದ್ದು ನಗುತ್ತಿದ್ದರು. ಆ ನಗು ಕೇಳಿ ಹಸುಗಳೂ ಮೇಯುವುದು ಬಿಟ್ಟು ನೋಡುತ್ತಿದ್ದವು.

ಆ ಐದರಲ್ಲಿ ಒಂದು ಸಂಜೆ ನಮ್ಮವರು ಕೆಲಸದಿಂದ ಬಂದು ಇದನ್ನು ಕಂಡು, ಬೈಕನ್ನು ತಿರುಗಿಸಿ ಹೊಲದ ಕಡೆ ಹೋದರು. ನಾನು ಕಾಫಿ ಲೋಟ ಹಿಡಿದು ಹಿಂದೆಯೇ ಹೋದೆ, ಜಗಳಕ್ಕೆ ಸಿದ್ಧಳಾಗಿ. ಅವರು ಬದುವಿನ ಮೇಲೆ ಕೂತಿದ್ದರು.

"ಅಮ್ಮ ಮಸ್ಕತ್ತಿಗೆ ಹೋದಾಗ ನಂಗೆ ಒಂಬತ್ತು ವರ್ಷ," ಅಂದರು. "ಗೋಲಿ ಆಡ್ಕೊಂಡು ಮನೆಗೆ ಬಂದ್ರೆ ಚಾಪೆ ಮೇಲೆ ಸೀರೆ ಇತ್ತು. ಅಜ್ಜಿ ಅನ್ನ ಹಾಕಿದ್ಳು. ವಾಪಸ್ ಬಂದಾಗ ನಂಗೆ ಇಪ್ಪತ್ತು. ನಂಗೆ ಯಾವ ಭಾಷೇಲಿ ಹೇಳಿದ್ಳು ಅಮ್ಮ?"

ಅತ್ತೆ ಹನ್ನೊಂದು ವರ್ಷ ಅಲ್ಲಿದ್ದರು ಅನ್ನುವುದು ನನಗೆ ಗೊತ್ತಿತ್ತು. ಆ ಹನ್ನೊಂದು ವರ್ಷದ ಈ ತುದಿಯಲ್ಲೂ ಒಂದು ಮಗು ಇತ್ತು ಅನ್ನುವುದು ಒಂದು ದಿನವೂ ಹೊಳೆದಿರಲಿಲ್ಲ. ನನ್ನ ಮೇಲೇ ನನಗೆ ಬಹಳ ಬೇಜಾರಾಯಿತು.

"ಅಮ್ಮಂಗೆ ಹೇಳ್ಬೇಡ," ಅಂದರು. ಸರಿ ಅಂದೆ. ಹೇಳಲಿಲ್ಲ.

ಶುಕ್ರವಾರ ಬಂತು. ಅತ್ತೆ ಮದುವೆಗೆ ಉಡುವ ಹಸಿರು ಸೀರೆ ಉಟ್ಟು, ಹೂ ಮುಡಿದು, ಮೂರು ಗಂಟೆಗೇ ಕೂತರು. ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ನಮ್ಮವರಿಗೆ ಅವತ್ತು ರಜ. ಬಾಗಿಲಾಚೆ ಔಷಧಿ ಹೊಡೆಯುವ ಪಂಪನ್ನು ಬಿಚ್ಚಿಕೊಂಡು ಕೂತಿದ್ದರು. ಪಂಪಿಗೆ ಏನೂ ಆಗಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಫೋನಿನಲ್ಲಿ ದೊಡ್ಡ ಕಣ್ಣಿನ ಒಂದು ಮುಖ ಬಂತು. "ಅಕ್ಕಾ!" ಅಂತು.

ಅತ್ತೆಯ ಆರು ವಾರದ ನಾಲ್ಕು ಮಾತೂ ಹಾರಿಹೋದವು. ಅವರು ನನ್ನ ಕಡೆ ನೋಡಿದರು. ನಾನು ನೋಟ್‌ಬುಕ್ ಎತ್ತಿದೆ, ಬೇಕಾದ ಹಾಳೆ ಸಿಗಲಿಲ್ಲ. ಆಗ ಅತ್ತೆ ಕಣ್ಣು ಮುಚ್ಚಿ, ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಮೇಲಿನಿಂದ.

"ಬಕಾ, ಬಕಯಾ, ಬಕವ್..."

ಅವನು ಅತ್ತ, ಅವರಿಬ್ಬರು ಅತ್ತರು, ಅವರೆಲ್ಲ ಅತ್ತರು. ಮುಗಿಯಿತು ಕಥೆ, ಅಂದುಕೊಂಡೆ. ಶಮ್ಸಾ ಹುಬ್ಬು ಗಂಟಿಕ್ಕಿದಳು. ಆಮೇಲೆ ಅವಳಿಗೆ ಗೊತ್ತಾಯಿತು, ಇದು ಇಸ್ಕೂಲಿನಲ್ಲಿ ತಾನೂ ಹೇಳಿದ ಮಗ್ಗಿಯೇ ಅಂತ. ಅವಳು ಫಕ್ಕನೆ ನಕ್ಕು ಜೊತೆಗೆ ಸೇರಿದಳು. "ಬಕತ್, ಬಕತಾ, ಬಕೈನ..." ಅಲ್ಲೊಬ್ಬಳು, ಇಲ್ಲೊಬ್ಬರು, ತಾಳ ತಪ್ಪದಂತೆ ಹನ್ನೆರಡು ಜನರನ್ನು ದಾಟಿದರು. ಹದಿಮೂರನೆಯದಕ್ಕೆ ಅತ್ತೆ ಕಣ್ಣು ಬಿಟ್ಟು, ಎದೆಯ ಮೇಲೆ ಕೈಯಿಟ್ಟು, ಒಬ್ಬರೇ ಹೇಳಿದರು.

"ಬಕೈತು." ನಾನು ಅತ್ತಿದ್ದೆ.

ಶಮ್ಸಾಳ ನಗು ನಿಂತಿತು. ಅವಳು ತನ್ನ ಕಡೆಗೊಮ್ಮೆ, ಅತ್ತೆಯ ಕಡೆಗೊಮ್ಮೆ ಬೆರಳು ತೋರಿಸಿ ಹದಿನಾಲ್ಕನೆಯದನ್ನು ಹೇಳಿದಳು. "ಬಕೈನಾ." ನಾವು ಅತ್ತೆವು.

ಆಮೇಲೆ ಮಗ್ಗಿ ಬೇಕಾಗಲಿಲ್ಲ. ಹೇಳದೆ ಹೋದೆ, ನಿನ್ನದೇನೂ ತಪ್ಪಿಲ್ಲ, ಮರೆಯಲಿಲ್ಲ, ಎಲ್ಲ ಹಿಂದೆಮುಂದೆಯಾಗಿ ಅತ್ತೆಯ ಬಾಯಿಂದ ತಾವಾಗಿ ಬಿದ್ದವು. ನಮ್ಮ ಕಡೆಯ ಪದ್ಧತಿಯನ್ನು ಮಾತ್ರ ಅತ್ತೆ ನನಗೆ ಕನ್ನಡದಲ್ಲಿ ಹೇಳಿ, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಶಮ್ಸಾ ಕೇಳಿಸಿಕೊಂಡು ಹೇಳಿದ ಉತ್ತರವನ್ನು ನಾನು ಹಾಗೇ ಅತ್ತೆಗೆ ಹೇಳಿದೆ:

"ಹೇಳಿದ್ರೆ ಅಳ್ತಿದ್ದಳಂತೆ. ಆದ್ರೆ ಹುಡುಕ್ತಿರಲಿಲ್ಲವಂತೆ."

ಅತ್ತೆ, "ಅಷ್ಟೇನಾ?" ಅಂದರು. "ಅಷ್ಟೂ ಗೊತ್ತಾಗ್ಲಿಲ್ವಲ್ಲೇ ನಂಗೆ."

ಒಂದು ಗಂಟೆಯ ಮೇಲೆ ಕೊಟ್ಟಿಗೆಯಿಂದ ಹಸುಗಳು ಕೂಗಿದವು, ಕರೆಯುವ ಹೊತ್ತು. ಶಮ್ಸಾ ನನ್ನನ್ನು ಏನೋ ಕೇಳುತ್ತಿದ್ದಳು. ತಿರುಗಿ ನೋಡಿದರೆ, ಅತ್ತೆ ಸದ್ದಿಲ್ಲದೆ ಎದ್ದು ಗೋಡೆಯ ಪಕ್ಕದಿಂದ ಹಿತ್ತಲ ಬಾಗಿಲ ಕಡೆ ಜಾರಿಕೊಳ್ಳುತ್ತಿದ್ದರು! ಅಭ್ಯಾಸ. ನಾನು ಸೆರಗು ಹಿಡಿದು ಎಳೆದೆ.

"ಅತ್ತೆ! ಹೇಳಿ ಹೋಗಿ!"

ನಾಲಿಗೆ ಕಚ್ಚಿಕೊಂಡು ವಾಪಸ್ಸು ಬಂದು, ಫೋನಿಗೆ ಮುಖ ಕೊಟ್ಟು, "ಅದ್‌ಹಬು" ಅಂದರು. ನಾನು ಹೋಗುತ್ತೇನೆ. ಶಮ್ಸಾ ನಗುತ್ತಾ, ಅಳುತ್ತಾ, "ರೂಹಿ ಅಕ್ಕಾ, ರೂಹಿ" ಅಂದಳು. ಮುಂದಿನ ಶುಕ್ರವಾರವೂ ಮಾತಾಡಬೇಕೆಂದು ನನ್ನ ಹತ್ತಿರ ಮಾತು ತೆಗೆದುಕೊಂಡಳು.

ಅತ್ತೆ ಹಾಲಿನ ತಂಬಿಗೆ ಹಿಡಿದು ಈ ಸಲ ಮುಂಬಾಗಿಲಿಂದ ಹೊರಟರು. ಹೊಸಿಲು ದಾಟಿದವರು ನಿಂತುಬಿಟ್ಟರು. ನಮ್ಮವರು ತಲೆ ಬಗ್ಗಿಸಿಕೊಂಡು, ಬಿಗಿಯಾಗೇ ಇದ್ದ ನಟ್ಟನ್ನು ಮತ್ತೆ ಬಿಗಿಮಾಡುತ್ತಿದ್ದರು. ಅತ್ತೆ ಆ ಬಗ್ಗಿದ ತಲೆಯನ್ನು ನೋಡಿದರು. ನಾನು ಬಾಗಿಲಲ್ಲೇ ನಿಂತೆ.

"ನಿಂಗೂ ಹೇಳ್ದಂಗೆ ಹೋಗ್ಬುಟ್ಟೆ ಕಣ್ಲಾ ಮಗಾ," ಅಂದರು. "ನೀನು ಮುನೇಶ್ವರನ ಗುಡಿ ಮುಂದೆ ಗೋಲಿ ಆಡ್ತಿದ್ದೆ. ನಾನು ಬೇಲಿ ಸಂದೀಲಿ ನಿಂತ್ಕೊಂಡು ನೋಡ್ದೆ. ಮೊದಲ್ನೇ ಬಸ್ಸು ಹೋಗೇಬಿಡ್ತು, ಎರಡ್ನೇ ಬಸ್ಸಿಗೆ ಹತ್ಕೊಂಡೆ."

ನಮ್ಮವರು ಸ್ಪ್ಯಾನರ್ ಕೆಳಗಿಟ್ಟರು. ತಲೆ ಎತ್ತಿದರು.

"ಎಷ್ಟೊತ್ತು ನಿಂತಿದ್ದೆ?"

"ಮೂರು ಆಟ ಆಡ್ದೆ ನೀನು," ಅಂದರು ಅತ್ತೆ. "ಎರಡು ಗೆದ್ದೆ."